ಹಡಗಿನ ಮೂರಂತಸ್ತಿನ ಮನೆ: ಆ ಒಂದು ವಾರದ ರಜೆಗೆ ಯಾರ ರಜೆ ಹೋಯಿತು?

ಆ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಮಕ್ಕಳು ಮೇಲಿನ ಅಂತಸ್ತಿನಿಂದ ಜಾರುಬಂಡೆಯಲ್ಲಿ ಜಾರಿ ನೇರವಾಗಿ ಹಾಲ್‌ಗೆ ಬಂದು ಬೀಳುತ್ತಾರೆ. ಸಿನಿಮಾ ನೋಡಲು, ಹಾಡು ಹೇಳಲು ಬೇರೆ ಜಾಗ ಇದೆ. ಬಾಲ್ಕನಿಯಲ್ಲಿ ಟೇಬಲ್ ಟೆನಿಸ್. ಬಾಗಿಲ ಮುಂದೆ ಬಿಳಿ ಬೇಲಿ, ಅಂಚೆ ಡಬ್ಬಿ. ಯಾವುದೋ ಶ್ರೀಮಂತರ ಬಂಗಲೆ ಅಂದುಕೊಳ್ಳುವಷ್ಟರಲ್ಲಿ ಕಿಟಕಿಯಾಚೆ ಸಮುದ್ರ ಕಾಣುತ್ತದೆ. ಅದು ಹಡಗು.

ಹಡಗಿನ ಹೆಸರು ಐಕಾನ್ ಆಫ್ ದಿ ಸೀಸ್. ರಾಯಲ್ ಕೆರಿಬಿಯನ್ ಕಂಪನಿಗಾಗಿ ಫಿನ್‌ಲೆಂಡ್ ದೇಶದ ತುರ್ಕು ಊರಿನಲ್ಲಿ ಕಟ್ಟಿದ್ದು. 2024ರ ಜನವರಿ 27ರಂದು ಅಮೆರಿಕದ ಮಯಾಮಿಯಿಂದ ಮೊದಲ ಪ್ರವಾಸ ಹೊರಟಿತು. ಉದ್ದ 365 ಮೀಟರ್, 20 ಅಂತಸ್ತು, ಏಳು ಈಜುಕೊಳ. ತುಂಬಿದರೆ 7,600 ಪ್ರವಾಸಿಗರು, ಜೊತೆಗೆ 2,350 ಸಿಬ್ಬಂದಿ. ಸುಮಾರು ಹತ್ತು ಸಾವಿರ ಜನ, ಅಂದರೆ ಒಂದು ದೊಡ್ಡ ಹೋಬಳಿ ಊರೇ ನೀರಿನ ಮೇಲೆ ತೇಲಿದಂತೆ.

ಆ ಜಾರುಬಂಡೆಯ ಮನೆಯೇ ಹಡಗಿನ ಫ್ಯಾಮಿಲಿ ಟೌನ್‌ಹೌಸ್ ಸೂಟ್. ಮೂರು ಅಂತಸ್ತು, ಎಂಟು ಜನರಿಗೆ ಜಾಗ. ಹಡಗು ಹೊರಟ ಹೊಸತರಲ್ಲಿ ಅದರ ಬಾಡಿಗೆ ವಾರಕ್ಕೆ ಸುಮಾರು 75 ಸಾವಿರ ಡಾಲರ್ ಎಂದು ವರದಿಯಾಗಿತ್ತು. ನಮ್ಮ ಲೆಕ್ಕದಲ್ಲಿ 60 ಲಕ್ಷ ರೂಪಾಯಿ ದಾಟುತ್ತದೆ. ಏಳು ರಾತ್ರಿಗೆ.

ಇಂಥ ವಿಡಿಯೋದ ಕೆಳಗೆ ನಮ್ಮವರ ಕಾಮೆಂಟು ಎರಡೇ ಬಗೆ. ಒಂದು, 'ಒಂದು ಸಲವಾದ್ರೂ ಹೋಗ್ಬೇಕು ಗುರು'. ಇನ್ನೊಂದು, 'ದುಡ್ಡು ಹೆಚ್ಚಾದ್ರೆ ಹೀಗೇ'. ನನಗೆ ಎರಡೂ ಒಪ್ಪಿಗೆಯಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವೆ, ಅವರ ಹಾಸಿಗೆ ಅಷ್ಟು ಉದ್ದ ಇದೆ, ಚಾಚುತ್ತಾರೆ. ಅಜ್ಜ ಅಜ್ಜಿ, ಮಕ್ಕಳು ಮೊಮ್ಮಕ್ಕಳು ಒಂದೇ ಸೂರಿನಡಿ ಒಂದು ವಾರ ಇರಬೇಕು ಅನ್ನುವ ಆಸೆಯಲ್ಲಿ ತಪ್ಪೇನೂ ಇಲ್ಲ. ನಾವು ಇಡೀ ಮನೆಯವರು ಟೆಂಪೋ ಮಾಡಿಕೊಂಡು ಧರ್ಮಸ್ಥಳಕ್ಕೆ ಹೋಗುವುದೂ ಇದೇ ಆಸೆಯಿಂದ.

ನಾನು ಕೇಳುವ ಪ್ರಶ್ನೆ ಬೇರೆ. ಆ ವಿಡಿಯೋದಲ್ಲಿ ಕಾಣದವರು ಯಾರು? ಅವರಿಗೂ ನಮಗೂ ಏನು ಸಂಬಂಧ?

ಹಾಸಿಗೆ ಹಾಸುವ ಕೈ

ಐಷಾರಾಮಿ ಸೂಟ್‌ನಲ್ಲಿ ಮಾರಾಟಕ್ಕಿರುವುದು ಬರೀ ಜಾರುಬಂಡೆಯಲ್ಲ. 'ಒಂದು ವಾರ ನಿಮ್ಮ ಮನೆಯಲ್ಲಿ ಯಾರೂ ಪಾತ್ರೆ ತೊಳೆಯಬೇಕಿಲ್ಲ, ಹಾಸಿಗೆ ಮಡಚಬೇಕಿಲ್ಲ, ಊಟಕ್ಕೆ ಏನು ಮಾಡಲಿ ಅಂತ ಯೋಚಿಸಬೇಕಿಲ್ಲ' ಅನ್ನುವ ಮಾತನ್ನು ಅಲ್ಲಿ ಮಾರುತ್ತಾರೆ. ಆ ಮಾತು ಉಳಿಯಬೇಕಾದರೆ ಬೇರೆ ಯಾರೋ ಪಾತ್ರೆ ತೊಳೆಯಬೇಕು. ಅವರೇ ಈ 2,350 ಜನ.

ಇಂಥ ಹಡಗುಗಳಲ್ಲಿ ದುಡಿಯುವವರಲ್ಲಿ ಫಿಲಿಪ್ಪೀನ್ಸ್, ಇಂಡೊನೇಷ್ಯಾ ಮತ್ತು ನಮ್ಮ ದೇಶದವರು ಬಹಳ. ಗೋವಾ, ಮುಂಬೈ, ಕೇರಳದವರಿದ್ದಾರೆ. ನಮ್ಮ ಮಂಗಳೂರು, ಉಡುಪಿ ಕಡೆಯವರೂ ಇದ್ದಾರೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗರಿಗೆ ಕರಾವಳಿಯಲ್ಲಿ 'ಶಿಪ್ಪಿಗೆ ಹೋಗೋದು' ಅನ್ನುವುದು ಗಲ್ಫಿಗೆ ಹೋದಷ್ಟೇ ಹಳೆಯ ಮಾತು.

ಅವರ ಕರಾರು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ಮಲಗುವುದು ಬಹುತೇಕ ಕೆಳಗಿನ ಅಂತಸ್ತುಗಳಲ್ಲಿ, ಹಂಚಿಕೊಂಡ ಸಣ್ಣ ಕೋಣೆಯಲ್ಲಿ. ಅನೇಕ ಕೋಣೆಗೆ ಕಿಟಕಿ ಇರುವುದಿಲ್ಲ. ಮೇಲಿನವರಿಗೆ ಸಮುದ್ರ ಕಾಣುವುದಕ್ಕೇ ಲಕ್ಷ ಲಕ್ಷ. ಸಮುದ್ರದ ಮೇಲೇ ತಿಂಗಳುಗಟ್ಟಲೆ ಇರುವವನಿಗೆ ಅದನ್ನು ನೋಡಲು ಬಿಡುವು ಸಿಗಬೇಕು.

ಕೆಲಸದ ಗಂಟೆ ಎಷ್ಟು? ಸಮುದ್ರ ಕಾರ್ಮಿಕರಿಗಾಗಿ 2006ರ ಅಂತಾರಾಷ್ಟ್ರೀಯ ಒಪ್ಪಂದವೊಂದಿದೆ. ಭಾರತವೂ 2015ರಲ್ಲಿ ಅದನ್ನು ಒಪ್ಪಿದೆ. ಅದರ ಪ್ರಕಾರ ಯಾವುದೇ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ಏಳು ದಿನದಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕು. ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ತಿರುಗಿಸಿ ನೋಡಿ. ವಾರಕ್ಕೆ 168 ಗಂಟೆ, ಅದರಲ್ಲಿ 77 ಕಳೆದರೆ 91 ಗಂಟೆ ಉಳಿಯಿತು. ಈ ಲೆಕ್ಕ ಹಿಡಿದ ಹಡಗಿನಲ್ಲಿ ಅಷ್ಟು ದುಡಿಸಿದರೂ ನಿಯಮ ಮೀರಿದಂತಾಗುವುದಿಲ್ಲ. ನಮ್ಮ 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ ಇಟ್ಟ ಮಿತಿ 48 ಗಂಟೆ. ವ್ಯತ್ಯಾಸ ನೀವೇ ನೋಡಿ.

ಸಂಬಳದ ಜೊತೆಗೆ ಟಿಪ್ಸ್ ಬೇರೆ. ನಮ್ಮಲ್ಲಿ ಟಿಪ್ಸ್ ಅಂದರೆ ಕೊಟ್ಟರೆ ಕೊಟ್ಟರು. ಅಲ್ಲಿ ಕಂಪನಿಯೇ ಅದನ್ನು ಬಿಲ್ಲಿಗೆ ಸೇರಿಸುತ್ತದೆ. ರಾಯಲ್ ಕೆರಿಬಿಯನ್ 2023ರ ನವೆಂಬರಿನಲ್ಲಿ ನಿಗದಿ ಮಾಡಿದ ದರ ದಿನಕ್ಕೆ ತಲೆಗೆ 18.50 ಡಾಲರ್, ಸೂಟ್‌ನವರಿಗೆ 21 ಡಾಲರ್. ಬೇಡವೆಂದರೆ ಪ್ರವಾಸಿಗರು ಕೌಂಟರಿಗೆ ಹೋಗಿ ತೆಗೆಸಬಹುದು. ಅಂದರೆ ದುಡಿದವನ ಗಳಿಕೆಯ ಒಂದು ಪಾಲು ಉಂಡೆದ್ದವರ ಮನಸ್ಸಿನ ಮೇಲೆ ನಿಂತಿದೆ. ಮುಖದ ಮೇಲಿನ ನಗು ಕೂಡ ಅಲ್ಲಿ ಕೆಲಸದ ಭಾಗವೇ.

ಕಂಪನಿ ಅಮೆರಿಕದ್ದು, ಬಾವುಟ ಬೇರೆಯವರದ್ದು

ಇದನ್ನೆಲ್ಲ ಕೇಳುವವರು ಯಾರು? ಇಲ್ಲೇ ಇದೆ ಚಾಲಾಕಿತನ. ರಾಯಲ್ ಕೆರಿಬಿಯನ್ ಕಚೇರಿ ಮಯಾಮಿಯಲ್ಲಿದೆ, ಗಿರಾಕಿಗಳಲ್ಲಿ ಹೆಚ್ಚಿನವರು ಅಮೆರಿಕದವರು. ಆದರೆ ಕಂಪನಿ ನೋಂದಣಿಯಾಗಿರುವುದು ಆಫ್ರಿಕಾದ ಲೈಬೀರಿಯದಲ್ಲಿ. ಐಕಾನ್ ಹಡಗಿನ ಮೇಲೆ ಹಾರುವುದು ಬಹಾಮಾಸ್ ದೇಶದ ಬಾವುಟ. ಇನ್ನೊಂದು ದೊಡ್ಡ ಕಂಪನಿ ಕಾರ್ನಿವಲ್ ನೋಂದಣಿ ಮಾಡಿಸಿಕೊಂಡಿದ್ದು ಪನಾಮಾದಲ್ಲಿ.

ಹಡಗು ಯಾವ ದೇಶದ ಬಾವುಟ ಹಾರಿಸುತ್ತದೋ ಸಮುದ್ರದಲ್ಲಿ ಆ ದೇಶದ ಕಾನೂನು. ಹೀಗಾಗಿ ಅಮೆರಿಕದ ಕನಿಷ್ಠ ಕೂಲಿ ಕಾನೂನು ಈ ಸಿಬ್ಬಂದಿಗೆ ಅನ್ವಯಿಸುವುದಿಲ್ಲ. ಹಡಗು ಓಡಿಸಿ ಬಂದ ಲಾಭದ ಬಹುಪಾಲಿಗೆ ಅಮೆರಿಕದ ಆದಾಯ ತೆರಿಗೆಯೂ ಇಲ್ಲ. ಕೊರೊನಾ ಬಂದ 2020ರಲ್ಲಿ ಈ ಜಾಣತನಕ್ಕೆ ಬೆಲೆ ತೆರಬೇಕಾಯಿತು. ಅಮೆರಿಕ ಸರ್ಕಾರ ಕಂಪನಿಗಳಿಗೆ ದೊಡ್ಡ ನೆರವಿನ ಪ್ಯಾಕೇಜ್ ಕೊಟ್ಟಾಗ ಬೇರೆ ದೇಶದಲ್ಲಿ ನೋಂದಣಿಯಾದ ಈ ಹಡಗು ಕಂಪನಿಗಳಿಗೆ ಅದು ಸಿಗಲಿಲ್ಲ. ಅದೇ ಹೊತ್ತಿನಲ್ಲಿ ಸಾವಿರಾರು ಸಿಬ್ಬಂದಿ, ನಮ್ಮವರೂ ಸೇರಿ, ದಡ ಕಾಣುತ್ತಿದ್ದರೂ ಇಳಿಯಲಾಗದೆ ವಾರಗಟ್ಟಲೆ, ತಿಂಗಳುಗಟ್ಟಲೆ ಹಡಗಿನಲ್ಲೇ ಸಿಕ್ಕಿಕೊಂಡರು. ಪ್ರವಾಸಿಗರು ಮೊದಲು ಮನೆ ಸೇರಿದರು.

'ಆದರೂ ಇಲ್ಲಿಗಿಂತ ವಾಸಿ ಅಲ್ವಾ?'

ಈ ಮಾತು ಬಂದೇ ಬರುತ್ತದೆ, ಬರಬೇಕಾದದ್ದೇ. ಹಡಗಿಗೆ ಹೋಗಿ ಬಂದವರು ಮನೆ ಕಟ್ಟಿಸಿದ್ದಾರೆ, ತಂಗಿ ಮದುವೆ ಮಾಡಿದ್ದಾರೆ, ಅಪ್ಪನ ಸಾಲ ತೀರಿಸಿದ್ದಾರೆ. ಇಲ್ಲಿ ಹೋಟೆಲಿನಲ್ಲಿ ದುಡಿದರೆ ಅಷ್ಟು ಕೈಗೆ ಸಿಗುವುದಿಲ್ಲ. ಊಟ, ವಸತಿಗೆ ಖರ್ಚಿಲ್ಲದ ಕಾರಣ ಹಣ ಉಳಿಯುತ್ತದೆ. ಇದನ್ನು ಸುಳ್ಳು ಅನ್ನುವವನು ನಾನಲ್ಲ. ಹೋಗಬೇಡಿ ಅಂತಲೂ ಹೇಳುವುದಿಲ್ಲ.

ನಾನು ಹೇಳುವುದು ಇಷ್ಟೇ. 'ಇಲ್ಲಿಗಿಂತ ವಾಸಿ' ಅನ್ನುವುದು ಕಂಪನಿಗೆ ಅನುಕೂಲದ ಮಾತು. ನಮ್ಮೂರಿನ ಕೂಲಿ ಎಷ್ಟು ಕಡಿಮೆಯೋ ಅವರಿಗೆ ಅಷ್ಟು ಅಗ್ಗಕ್ಕೆ ಜನ ಸಿಗುತ್ತಾರೆ. ಮೇಲೆ ಒಂದು ಕುಟುಂಬ ವಾರಪೂರ್ತಿ ಜೊತೆಗಿರಲು 60 ಲಕ್ಷ ಕೊಡುತ್ತದೆ. ಕೆಳಗೆ ದುಡಿಯುವವನು ಅದೇ ಕುಟುಂಬಕ್ಕಾಗಿ ತನ್ನ ಕುಟುಂಬವನ್ನು ಒಂಬತ್ತು ತಿಂಗಳು ಬಿಟ್ಟಿರುತ್ತಾನೆ. ಮಗು ಹೆಜ್ಜೆ ಇಟ್ಟಿದ್ದನ್ನು ವಿಡಿಯೋ ಕಾಲ್‌ನಲ್ಲಿ ನೋಡುತ್ತಾನೆ. ಜೊತೆಗಿರುವ ಸಮಯಕ್ಕೆ ಅಷ್ಟು ಬೆಲೆ ಇರುವುದಾದರೆ ಅವನು ಕಳೆದುಕೊಂಡ ಸಮಯಕ್ಕೂ ಒಂದು ಬೆಲೆ ಇರಬೇಕಲ್ಲ? ಅವನ ಸಂಬಳ ಚೀಟಿಯಲ್ಲಿ ಆ ಲೆಕ್ಕ ಎಲ್ಲೂ ಇಲ್ಲ.

ಹೋಗುವವರು ಇದನ್ನು ನೋಡಿಕೊಂಡು ಹೋಗಿ

ಈ ವಿಡಿಯೋಗಳ ಜೊತೆಗೇ 'ಕ್ರೂಸ್ ಶಿಪ್ಪಿನಲ್ಲಿ ಕೆಲಸ, ಅನುಭವ ಬೇಡ' ಅನ್ನುವ ಜಾಹೀರಾತೂ ಬರುತ್ತದೆ. ವಾಟ್ಸಾಪ್ ನಂಬರ್ ಒಂದಿರುತ್ತದೆ, ಆಫೀಸಿನ ವಿಳಾಸ ಇರುವುದಿಲ್ಲ. ಎರಡು ಲಕ್ಷ ಕೊಡಿ, ಮೂರು ಲಕ್ಷ ಕೊಡಿ ಅನ್ನುತ್ತಾರೆ. ಚಿನ್ನ ಅಡ ಇಟ್ಟು ಕೊಡುವ ಮನೆಗಳಿವೆ. ಆದ್ದರಿಂದ ಇಷ್ಟನ್ನು ತಿಳಿದುಕೊಳ್ಳಿ.

ಒಂದು, ಭಾರತದಿಂದ ಹಡಗಿಗೆ ಜನ ಕಳುಹಿಸುವ ಏಜೆನ್ಸಿಗೆ ಕೇಂದ್ರ ಸರ್ಕಾರದ ಡಿ.ಜಿ. ಶಿಪ್ಪಿಂಗ್ ಕೊಡುವ ಆರ್‌ಪಿಎಸ್‌ಎಲ್ ಲೈಸೆನ್ಸ್ ಇರಲೇಬೇಕು. ಲೈಸೆನ್ಸ್ ಇದ್ದವರ ಪಟ್ಟಿ ಡಿ.ಜಿ. ಶಿಪ್ಪಿಂಗ್ ವೆಬ್‌ಸೈಟಿನಲ್ಲಿದೆ. ಏಜೆಂಟ್ ತೋರಿಸುವ ಜೆರಾಕ್ಸ್ ನಂಬಬೇಡಿ, ಪಟ್ಟಿಯಲ್ಲಿ ಹೆಸರು ನೋಡಿ.

ಎರಡು, ಕೆಲಸ ಕೊಡಿಸಿದ್ದಕ್ಕೆ ಅಂತ ನಿಮ್ಮಿಂದ ಒಂದು ರೂಪಾಯಿ ತೆಗೆದುಕೊಳ್ಳುವಂತಿಲ್ಲ. 2006ರ ಒಪ್ಪಂದವೂ ನಮ್ಮ ದೇಶದ 2016ರ ನಿಯಮವೂ ಇದನ್ನೇ ಹೇಳುತ್ತವೆ. ಪಾಸ್‌ಪೋರ್ಟ್, ಕಡ್ಡಾಯ ವೈದ್ಯಕೀಯ ಪ್ರಮಾಣಪತ್ರ, ಸಿಡಿಸಿ ಅನ್ನುವ ನಾವಿಕರ ಪುಸ್ತಕ, ಇವುಗಳ ಖರ್ಚು ನಿಮ್ಮದಾಗಬಹುದು. ಸುರಕ್ಷತಾ ತರಬೇತಿಯ ಫೀಸು ತರಬೇತಿ ಸಂಸ್ಥೆಗೆ ಕಟ್ಟುವಂಥದ್ದು, ಏಜೆಂಟಿನ ಕೈಗಲ್ಲ. 'ಸೀಟ್ ಹಣ', 'ಸರ್ವೀಸ್ ಚಾರ್ಜ್' ಅಂದರೆ ಅಲ್ಲಿಂದ ಎದ್ದು ಬನ್ನಿ.

ಮೂರು, ಸಹಿ ಹಾಕುವ ಮುಂಚೆ ಕರಾರು ಓದಿ. ಮೂಲ ಸಂಬಳ ಎಷ್ಟು, ಟಿಪ್ಸ್ ಎಷ್ಟು ಅಂತ ಬೇರೆ ಬೇರೆ ಬರೆದಿರಬೇಕು. ಎಷ್ಟು ತಿಂಗಳು, ವಾಪಸ್ ಟಿಕೆಟ್ ಯಾರದ್ದು, ಕಾಯಿಲೆ ಬಿದ್ದರೆ ಯಾರು ನೋಡಿಕೊಳ್ಳುತ್ತಾರೆ, ಇವಿಷ್ಟನ್ನು ಕೇಳಿ. ಇಂಗ್ಲಿಷ್ ಬಾರದಿದ್ದರೆ ಗೊತ್ತಿದ್ದವರಿಂದ ಓದಿಸಿ. ಪ್ರತಿ ಇಟ್ಟುಕೊಳ್ಳಿ, ಒಂದು ಪ್ರತಿ ಮನೆಯಲ್ಲಿ ಕೊಟ್ಟು ಹೋಗಿ.

ಹಡಗು ನಮ್ಮ ಬಂದರಿಗೆ ಬಂದರೆ?

ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್ 30ರಂದು 'ಕ್ರೂಸ್ ಭಾರತ್ ಮಿಷನ್' ಆರಂಭಿಸಿದೆ. 2029ರ ಹೊತ್ತಿಗೆ ದೇಶದ ಕ್ರೂಸ್ ಪ್ರವಾಸಿಗರ ಸಂಖ್ಯೆ ದುಪ್ಪಟ್ಟು ಮಾಡುವುದು ಗುರಿ. ನಮ್ಮ ನವ ಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಈಗಾಗಲೇ ಬರುತ್ತಿವೆ. ಬೆಳಿಗ್ಗೆ ಬರುತ್ತವೆ, ಸಂಜೆ ಹೊರಡುತ್ತವೆ. ಪ್ರವಾಸಿಗರು ಬಸ್ಸಿನಲ್ಲಿ ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೋಡಂಬಿ ಕಾರ್ಖಾನೆ ನೋಡಿ ಹಡಗಿಗೆ ಮರಳುತ್ತಾರೆ. ಚೆಂಡೆ, ಯಕ್ಷಗಾನದ ವೇಷದ ಸ್ವಾಗತ, ಮರುದಿನ ಪತ್ರಿಕೆಯಲ್ಲಿ ಫೋಟೋ. ಅಂಥ ಫೋಟೋ ಸುದ್ದಿ ನಾವೂ ಕಳುಹಿಸುತ್ತೇವೆ.

ಆದರೆ ಊಟ ಹಡಗಿನಲ್ಲಿ, ನಿದ್ದೆ ಹಡಗಿನಲ್ಲಿ, ಶಾಪಿಂಗ್ ಕೂಡ ಹಡಗಿನಲ್ಲಿ. ಹಡಗು ಎಷ್ಟು ಐಷಾರಾಮಿಯೋ ಜನ ಕೆಳಗಿಳಿಯಬೇಕಾದ ಅಗತ್ಯ ಅಷ್ಟು ಕಡಿಮೆ. ರಾಯಲ್ ಕೆರಿಬಿಯನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬಹಾಮಾಸ್‌ನ ಕೊಕೊಕೇ ಅನ್ನುವ ದ್ವೀಪವನ್ನೇ ತನ್ನದಾಗಿಸಿಕೊಂಡು ನಡೆಸುತ್ತಿದೆ. ಹಡಗಿನಿಂದ ಇಳಿದರೂ ಕಂಪನಿಯದ್ದೇ ಕಡಲತೀರ, ಕಂಪನಿಯದ್ದೇ ಗಲ್ಲಾಪೆಟ್ಟಿಗೆ.

ಹಡಗು ಬರುವ ಊರುಗಳೇ ಈಗ ಲೆಕ್ಕ ಕೇಳುತ್ತಿವೆ. ಇಟಲಿಯ ವೆನಿಸ್ ನಗರದ ನಡುವಿನ ಕಾಲುವೆಗೆ 2021ರ ಆಗಸ್ಟ್‌ನಿಂದ ದೊಡ್ಡ ಹಡಗು ಬರುವಂತಿಲ್ಲ. ಅಮೆರಿಕದ ಅಲಾಸ್ಕಾದಲ್ಲಿ ಜೂನೋ ಎಂಬ ಊರಿದೆ. ಅದು ದಿನಕ್ಕೆ ಐದೇ ದೊಡ್ಡ ಹಡಗು ಅಂತ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡಿದೆ. ಅವರು ಮುಳುಗಿ ಕಲಿತ ಪಾಠವನ್ನು ನಾವು ದಡದಲ್ಲೇ ಕಲಿಯಬಹುದು.

ಸಮುದ್ರದ ಮಾತೂ ಇದೆ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ದಾಟಿದ ಮೇಲೆ ಸಂಸ್ಕರಿಸದ ಮಲಮೂತ್ರವನ್ನೂ ಷರತ್ತಿನೊಂದಿಗೆ ಬಿಡಲು ಅಂತಾರಾಷ್ಟ್ರೀಯ ನಿಯಮವೇ ಅವಕಾಶ ಕೊಡುತ್ತದೆ. ನಮ್ಮ ಆಳಸಮುದ್ರ ದೋಣಿಗಳು ಬಲೆ ಬೀಸುವುದು ಅಲ್ಲೇ. ನಿಯಮ ಇದ್ದಲ್ಲೂ ಮುರಿದವರಿದ್ದಾರೆ. ಎಣ್ಣೆ ಬೆರೆತ ನೀರನ್ನು ಕದ್ದು ಸಮುದ್ರಕ್ಕೆ ಬಿಟ್ಟ ಪ್ರಕರಣದಲ್ಲಿ ಪ್ರಿನ್ಸೆಸ್ ಕ್ರೂಸಸ್ ಕಂಪನಿ 2016ರಲ್ಲಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು.

ಹಾಗಾಗಿ ಹಡಗು ಬರಲಿ. ಜೊತೆಗೆ ಲೆಕ್ಕವೂ ಬರಲಿ. ಒಂದು ಹಡಗು ಬಂದುಹೋದರೆ ಟ್ಯಾಕ್ಸಿಯವರಿಗೆ, ಅಂಗಡಿಯವರಿಗೆ, ಗೈಡ್‌ಗಳಿಗೆ ಎಷ್ಟು ಸಿಕ್ಕಿತು ಅಂತ ಬಂದರು ಆಡಳಿತ ಪ್ರತಿ ಸೀಸನ್ ಪ್ರಕಟಿಸಲಿ. ಹಡಗು ತನ್ನ ಕೊಳಚೆಯನ್ನು ಎಲ್ಲಿ ಬಿಟ್ಟಿತು ಅನ್ನುವುದು ಮೀನುಗಾರರಿಗೂ ಗೊತ್ತಾಗಲಿ. ಹಡಗಿಗೆ ಕೆಲಸಕ್ಕೆ ಹೋಗುವವರಿಗಾಗಿ ಮಂಗಳೂರು, ಉಡುಪಿ, ಕಾರವಾರದಲ್ಲಿ ಜಿಲ್ಲಾಡಳಿತವೇ ಒಂದು ಸಹಾಯ ಕೇಂದ್ರ ತೆರೆಯಲಿ. ಕರಾರು ಓದಿ ಕನ್ನಡದಲ್ಲಿ ಹೇಳುವವರು, ಏಜೆಂಟಿನ ಲೈಸೆನ್ಸ್ ನೋಡಿಕೊಡುವವರು ಅಲ್ಲಿ ಒಬ್ಬರಿದ್ದರೂ ಸಾಕು, ಎಷ್ಟೋ ಮನೆಗಳ ಚಿನ್ನ ಉಳಿಯುತ್ತದೆ.

ಆ ವಿಡಿಯೋ ಮತ್ತೆ ಬಂದರೆ ನೋಡಿ, ಖುಷಿಪಡಿ, ಮಕ್ಕಳಿಗೂ ತೋರಿಸಿ. ಜಾರುಬಂಡೆ ನಿಜಕ್ಕೂ ಚೆನ್ನಾಗಿದೆ. ಮಗು ಜಾರಿ ಕೆಳಗೆ ಬಂದಾಗ ಪಕ್ಕದಲ್ಲಿ ಟವೆಲ್ ಮಡಚಿಟ್ಟಿದ್ದಾರಲ್ಲ, ಅದನ್ನು ಮಡಚಿದವರು ಯಾರು ಅಂತಲೂ ಮಕ್ಕಳಿಗೆ ಹೇಳಿ. ಅವರು ನಮ್ಮ ಪಕ್ಕದ ಮನೆಯವರೇ ಇರಬಹುದು.