ಮೀಟರಿನ ಆಚೆ ಹೆಸ್ಕಾಂ, ಈಚೆ ಯಾರು?

2024ರ ನವೆಂಬರಿನಲ್ಲಿ ಇಳಕಲ್ಲಿನಲ್ಲಿ ಹೇರ್ ಡ್ರೈಯರ್ ಸಿಡಿದು ಮಹಿಳೆಯೊಬ್ಬರ ಕೈಗಳು ಹೋದ ಸುದ್ದಿ ಬಂತಲ್ಲ, ಆಗ ಮೊದಲು ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಮಾತು: 'ಶಾರ್ಟ್ ಸರ್ಕೀಟು ಆಗೇತ್ರಿ.' ಪೊಲೀಸರು ಬೆನ್ನು ಹತ್ತಿ ನೋಡಿದ ಮೇಲೆ ಅದರೊಳಗೆ ಸ್ಫೋಟಕ ಇಡಲಾಗಿತ್ತೆಂದು ಹೇಳಿದರು. ಆ ಸಂಗತಿ ಪೊಲೀಸರದು, ಕೋರ್ಟಿನದು, ಇಲ್ಲಿ ಬೇಡ. ಆದರೆ ಆ ಮೊದಲ ಮಾತನ್ನು ಗಮನಿಸಬೇಕು. ನಮ್ಮ ಮಂದಿಗೆ ಶಾರ್ಟ್ ಸರ್ಕೀಟು ಎಂದರೆ ಸಿಡಿಲು ಬಡಿದ ಹಾಗೆ, ಯಾರ ಕೈಯಲ್ಲೂ ಇಲ್ಲದ್ದು. ಹಂಗಂದು ಬಿಟ್ಟರೆ ಮುಂದೆ ಯಾರನ್ನೂ ಕೇಳುವಂತಿಲ್ಲ, ಏನನ್ನೂ ಹುಡುಕುವಂತಿಲ್ಲ.

ವೈರು ತಾನಾಗಿ ಶಾರ್ಟ್ ಆಗುವುದಿಲ್ಲ. ಯಾರೋ ಹಾಕಿದ್ದು, ಯಾರೋ ನೋಡದೆ ಬಿಟ್ಟದ್ದು. ಕಂಬದಿಂದ ಮೀಟರಿನ ತನಕ ಜವಾಬ್ದಾರಿ ಹೆಸ್ಕಾಂದು. ಮೀಟರ್ ದಾಟಿ ಒಳಗೆ ಬಂದ ಮೇಲೆ ಮನೆ ಮಾಲೀಕನದು. ಹೊಸ ಮನೆಗೆ ಮೀಟರ್ ಕೊಡುವಾಗ ಲೈಸನ್ಸು ಇದ್ದ ಗುತ್ತಿಗೆದಾರನ ವೈರಿಂಗ್ ವರದಿ ಕೇಳುತ್ತಾರೆ. ಆಮೇಲೆ ಮೂವತ್ತು ವರ್ಷವಾಗಲಿ, ನಲವತ್ತಾಗಲಿ, ಸಾಮಾನ್ಯ ಮನೆಯ ಒಳಗಿನ ವೈರನ್ನು ನೋಡಲು ಯಾರೂ ಬರುವುದಿಲ್ಲ. ಕರೆಂಟು ತಗುಲಿ ಜೀವ ಹೋದರೆ ಇಲ್ಲವೇ ಗಾಯವಾದರೆ ಮಾತ್ರ 2003ರ ವಿದ್ಯುತ್ ಕಾಯ್ದೆಯ 161ನೇ ಕಲಮಿನ ಪ್ರಕಾರ ಪರಿವೀಕ್ಷಕರಿಗೆ ವರದಿ ಹೋಗಬೇಕು, ವಿಚಾರಣೆ ಆಗಬೇಕು. ಸತ್ತ ಮೇಲೆ ಬರುವವರು ಇದ್ದಾರೆ, ಮುಂಚೆ ಬರುವವರಿಲ್ಲ.

ಇದನ್ನು ವಿದ್ಯಾಗಿರಿಗೆ ಹಚ್ಚಿ ನೋಡೋಣ. ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1963ರಲ್ಲಿ. ಕಾಲೇಜುಗಳ ಸುತ್ತ ಮನೆ ಎದ್ದವು, ಆಲಮಟ್ಟಿ ಹಿನ್ನೀರು ಹಳೇ ಊರಿಗೆ ಬರುವ ಹೊತ್ತಿಗೆ ಇನ್ನಷ್ಟು ಎದ್ದವು. ಆಗ ಕಟ್ಟಿದ ಮನೆಯಲ್ಲಿ ಕರೆಂಟಿಗೆ ಇದ್ದ ಕೆಲಸ ಎಷ್ಟು? ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ರೇಡಿಯೋ, ಒಂದು ಇಸ್ತ್ರಿ ಪೆಟ್ಟಿಗೆ. ತಾಮ್ರ ತುಟ್ಟಿಯಿದ್ದ ಕಾಲ, ಅದಕ್ಕೇ ಬಹಳ ಮನೆಗಳಲ್ಲಿ ಅಲ್ಯೂಮಿನಿಯಂ ವೈರು. ಕಟ್ಟಿಗೆ ಪಟ್ಟಿಯ ಮೇಲೆ ಕ್ಲಿಪ್ಪು ಬಡಿದು ಎಳೆದದ್ದು. ಎರಡು ತೂತಿನ ಪ್ಲಗ್ಗು, ಅರ್ಥ್ ಎಂಬ ಮಾತೇ ಇಲ್ಲ.

ಇವತ್ತು ಅದೇ ಕೋಣೆ ಹುಡುಗರಿಗೆ ಬಾಡಿಗೆ. ಒಂದು ಕೋಣೆಗೆ ನಾಲ್ಕು ಮಂದಿ. ಮುಂಜಾನೆ ಬಕೆಟ್ಟಿನಲ್ಲಿ ನೀರು ಕಾಯಿಸುವ ರಾಡು, ರಾತ್ರಿ ಇಂಡಕ್ಷನ್ ಒಲೆ, ಬ್ಯಾಸಿಗೆಯಲ್ಲಿ ಕೂಲರು, ಬಾಗಿಲಲ್ಲಿ ಚಾರ್ಜಿಗೆ ಹಾಕಿದ ಬ್ಯಾಟರಿ ಸ್ಕೂಟರು. ಲೆಕ್ಕ ಅಂಗಡಿಯವರಿಗೆ ಹೇಳಿಕೊಡಬೇಕಿಲ್ಲ: ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್ ಬರುತ್ತದೆ. 1500 ವ್ಯಾಟಿನ ರಾಡು ಆರೂವರೆ ಆಂಪಿಯರ್ ಎಳೆಯುತ್ತದೆ. 2000 ವ್ಯಾಟಿನ ಇಂಡಕ್ಷನ್ ಒಲೆ ಎಂಟೂಮುಕ್ಕಾಲು. ಎರಡನ್ನೂ ಹಚ್ಚುವುದು ಎಲ್ಲಿಗೆ? ಲೈಟಿಗೆಂದು ಮಾಡಿದ ಐದು ಆಂಪಿಯರಿನ ಪ್ಲಗ್ಗಿಗೆ. ದೊಡ್ಡ ಪಿನ್ನು ಹೋಗದಿದ್ದರೆ ಹತ್ತಿರದ ಅಂಗಡಿಯಲ್ಲಿ ಕನ್ವರ್ಟರ್ ಸಿಗತೈತಿ.

ವೈರು ಕಾಯುತ್ತದೆ. ಅಲ್ಯೂಮಿನಿಯಂ ಆದರೆ ಸ್ಕ್ರೂ ಇದ್ದಲ್ಲಿ ಕಾದು ಹಿಗ್ಗುತ್ತದೆ, ಆರಿ ಕುಗ್ಗುತ್ತದೆ, ದಿನಾ ಹೀಗಾಗಿ ಜೋಡಣೆ ಸಡಿಲಾಗುತ್ತದೆ. ಸಡಿಲಾದಲ್ಲಿ ಕಾವು ಇನ್ನೂ ಜಾಸ್ತಿ. ಸ್ವಿಚ್ಚಿನ ಸುತ್ತ ಕಂದು ಬಣ್ಣ ಬಂದಿದೆಯೇ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರುತ್ತದೆಯೇ, ಫ್ಯಾನು ಹಚ್ಚಿದರೆ ಬಲ್ಬು ಸಣ್ಣಗಾಗುತ್ತದೆಯೇ, ಇವೆಲ್ಲ ಆ ಮನೆ ಮುಂಚಿತವಾಗಿ ಕೊಡುತ್ತಿರುವ ಸೂಚನೆ. ಈ ಹೊತ್ತಿನಲ್ಲಿ ಫ್ಯೂಸು ಹಾರಬೇಕು. ಹಾರುತ್ತದೆ ಕೂಡ. ಆದರೆ ಹಾರಿದ ಫ್ಯೂಸಿಗೆ ನಾವು ಹಾಕುವುದೇನು? ಹಳೇ ವೈರಿನಿಂದ ಸುಲಿದ ನಾಲ್ಕೆಳೆ ತಾಮ್ರ. ಇನ್ನು ಅದು ಜನ್ಮದಲ್ಲಿ ಹಾರುವುದಿಲ್ಲ, ಗೋಡೆಯೊಳಗಿನ ವೈರೇ ಫ್ಯೂಸಿನ ಕೆಲಸ ಮಾಡಬೇಕು.

'ನಮ್ಮಲ್ಲಿ ಎಂಸಿಬಿ ಐತ್ರಿ, ಚಿಂತಿಲ್ಲ' ಎನ್ನುವವರಿಗೂ ಒಂದು ಮಾತು. ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯನನ್ನು ಕಾಯುವುದಿಲ್ಲ. ಹದಿನಾರು ಆಂಪಿಯರ್ ದಾಟಿದರೆ ಬೀಳುವ ಅದಕ್ಕೆ ನಿಮ್ಮ ಮೈಯೊಳಗೆ ಹರಿಯುವ ಕರೆಂಟು ಲೆಕ್ಕಕ್ಕೇ ಸಿಗದು. ಜೀವ ತೆಗೆಯಲು ಆಂಪಿಯರಿನ ಹತ್ತನೆಯ ಒಂದು ಭಾಗ ಸಾಕು. ಮನುಷ್ಯನಿಗೆಂದು ಇರುವುದು ಆರ್‌ಸಿಸಿಬಿ. ಹೋದ ಕರೆಂಟು ಪೂರಾ ವಾಪಸು ಬಂತೇ ಎಂದು ಅದು ತೂಗಿ ನೋಡುತ್ತದೆ. 30 ಮಿಲಿ ಆಂಪಿಯರ್ ಕಡಿಮೆ ಬಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿಯುತ್ತದೆ. ಹಳೇ ಮನೆಗೆ ಇದನ್ನು ಕೂಡಿಸಿದರೆ ಮೊದಲ ದಿನವೇ ಪದೇಪದೇ ಬೀಳುವುದುಂಟು. ಆಗ ಅರೆಬರೆ ಕಲಿತವ ಹೇಳುವುದು, 'ಇದು ಸುಮ್ಮನ ಟ್ರಿಪ್ ಆಗತೈತಿ, ತಗದು ಒಗೀರಿ.' ಅದು ಬೀಳುವುದು ಎಲ್ಲಿಯೋ ಕರೆಂಟು ಸೋರುತ್ತಿದೆ ಎಂದು, ಇಲ್ಲವೇ ಯಾರೋ ನ್ಯೂಟ್ರಲ್ಲನ್ನೇ ಅರ್ಥ್ ಎಂದು ಕೂಡಿಸಿ ಹೋಗಿದ್ದಾರೆ ಎಂದು. ಈ ಎರಡನೆಯದು ಬಲು ಕೆಟ್ಟದ್ದು. ನ್ಯೂಟ್ರಲ್ ಎಲ್ಲಿಯಾದರೂ ಕಡಿದರೆ ಮಿಕ್ಸರು, ವಾಷಿಂಗ್ ಮಷೀನು, ಫ್ರಿಜ್ಜು, ಎಲ್ಲದರ ಮೈಗೂ ಕರೆಂಟು ಬಂದು ನಿಲ್ಲುತ್ತದೆ.

ಅರ್ಥ್ ಇದ್ದ ಮನೆಗಳಲ್ಲೂ ಅದು ಜೀವಂತವಿದೆಯೇ ಎಂದು ಕೇಳಬೇಕು. ಇದ್ದಿಲು, ಉಪ್ಪು ಹಾಕಿ ಮಾಡಿದ ಗುಂಡಿ ಹಸಿ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ನಮ್ಮ ಬಾಗಲಕೋಟೆ ಬಿಸಿಲಿನಲ್ಲಿ ಮಾರ್ಚಿಗೇ ನೆಲ ಒಣಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕಿದರೆ ಆಯಿತು. ಆದರೆ ಎಷ್ಟೋ ಮನೆಗಳಲ್ಲಿ ಗುಂಡಿಯ ಮೇಲೆ ಫರಸಿ ಬಿದ್ದು, ಅದು ಎಲ್ಲಿದೆ ಎಂಬುದೇ ಯಾರಿಗೂ ನೆನಪಿಲ್ಲ.

ಈಗ ಇಲೆಕ್ಟ್ರಿಷಿಯನ್ನಿನ ಮಾತಿಗೆ ಬರೋಣ. ಫೋನು ಮಾಡಿದರೆ ಅರ್ಧ ತಾಸಿಗೆ ಬರುವ ನಮ್ಮ ಓಣಿಯ ಹುಡುಗನನ್ನು ಹೀಗಳೆಯುವುದು ಈ ಬರಹದ ಉದ್ದೇಶವಲ್ಲ. ರಾತ್ರಿ ಹತ್ತಕ್ಕೆ ಕರೆಂಟು ಹೋದರೆ ಬರುವವನು ಅವನೇ. ಐಟಿಐ ಮುಗಿಸಿದವರಲ್ಲಿ ಬಹಳ ಮಂದಿ ಪುಣೆ, ಬೆಂಗಳೂರು ಹಿಡಿಯುತ್ತಾರೆ, ಊರಲ್ಲಿ ಉಳಿದವ ನಿಚ್ಚಣಿಕೆ ಹಿಡಿದೇ ಕೆಲಸ ಕಲಿತವ. ತಪ್ಪು ಇರುವುದು ನಾವು ಕೆಲಸ ಕೊಡುವ ರೀತಿಯಲ್ಲಿ. 'ಪಾಯಿಂಟಿಗೆ ಎಷ್ಟು?' ಎಂದು ಕೇಳುತ್ತೇವೆ. ಪಾಯಿಂಟಿನ ಲೆಕ್ಕದಲ್ಲಿ ಅರ್ಥ್ ವೈರು ಎಳೆದವನಿಗೂ ಅದೇ ರೊಕ್ಕ, ಎಳೆಯದವನಿಗೂ ಅದೇ ರೊಕ್ಕ. ಅವನೇನು ಮಾಡಿಯಾನು? ಹಸಿರು ವೈರು ಬೋರ್ಡಿನೊಳಗೆ ನಾಲ್ಕು ಬೆರಳು ಕಾಣಿಸಿ ಅಲ್ಲಿಗೇ ನಿಲ್ಲುತ್ತದೆ.

ಕಾನೂನಿನಲ್ಲಿ ದಾರಿ ಇದೆ. ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್, ಗುತ್ತಿಗೆದಾರರ ಲೈಸನ್ಸು ಕೊಡುತ್ತದೆ. ಹೊಸದಾಗಿ ವೈರಿಂಗ್ ಮಾಡಿಸುವುದು, ಇದ್ದದ್ದನ್ನು ಹೆಚ್ಚಿಸುವುದು ಲೈಸನ್ಸು ಇದ್ದವರ ಕೈಯಲ್ಲೇ ಆಗಬೇಕೆಂದು 1956ರ ನಿಯಮದಲ್ಲೂ ಇತ್ತು, ಈಗಿನದರಲ್ಲೂ ಇದೆ. ಬಲ್ಬು, ಸ್ವಿಚ್ಚು ಬದಲಿಸಲು ಓಣಿಯ ಹುಡುಗ ಸಾಕು. ಮನೆ ಪೂರಾ ವೈರು ಬದಲಿಸುವಾಗ ಪರ್ಮಿಟ್ ತೋರಿಸಪಾ ಎನ್ನಲು ಸಂಕೋಚ ಯಾಕೆ? ಬಸ್ಸಿನ ಪಾಸು ಕಂಡಕ್ಟರಿಗೆ ತೋರಿಸುವುದಿಲ್ಲವೇ? ಕೆಲಸ ಮುಗಿದ ಮೇಲೆ ಮೆಗ್ಗರ್ ಹಚ್ಚಿ ತೋರಿಸಲು ಹೇಳಬೇಕು. 500 ವೋಲ್ಟಿನಲ್ಲಿ ಕನಿಷ್ಠ 1 ಮೆಗಾ ಓಮ್ ಬರಬೇಕು. ಮೆಗ್ಗರ್ ಎಂದರೆ ಏನೆಂದು ಕೇಳುವವನಿಗೆ ಪೂರಾ ಮನೆ ಕೊಡಬೇಡಿರಿ.

ಸಾಮಾನು ನೀವೇ ತಂದರೆ ಒಳ್ಳೆಯದು. ಲೈಟಿಗೆ ಒಂದೂವರೆ, ಪವರ್ ಪ್ಲಗ್ಗಿಗೆ ಎರಡೂವರೆ, ಗೀಸರಿಗೆ ನಾಲ್ಕು ಚದರ ಮಿಲಿಮೀಟರಿನ ತಾಮ್ರ. ಐಎಸ್‌ಐ ಗುರುತಿನ ಕೆಳಗಿನ ಸಿಎಂ/ಎಲ್ ನಂಬರನ್ನು ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಅಂಗಡಿಯ ಕಟ್ಟೆಯ ಮೇಲೇ ಗೊತ್ತಾಗುತ್ತದೆ. ವೈರು ಮಾರುವ ಸಾಹುಕಾರರು ಇದಕ್ಕೆ ಸಿಟ್ಟಾಗಬೇಕಿಲ್ಲ, ಸಾಚಾ ಮಾಲು ಇಟ್ಟವರಿಗೆ ಇದರಿಂದ ಗಿರಾಕಿ ಹೆಚ್ಚು. ಹಂಗೇ, ಒಂದು ಮೀಟರಿನಿಂದ ಮೂರು ಅಂಗಡಿಗೆ ಎಕ್ಸ್‌ಟೆನ್ಷನ್ ಎಳೆದು ಷಟರಿನ ಸಂದಿಯಿಂದ ವೈರು ಹಾಯಿಸಿದವರು ಇವತ್ತು ರಾತ್ರಿ ಷಟರು ಇಳಿಸುವಾಗ ಒಮ್ಮೆ ಬಗ್ಗಿ ನೋಡಲಿ.

ಇನ್ನೊಂದು ಸಂಗತಿ ಯಾರ ಲಕ್ಷ್ಯಕ್ಕೂ ಬಂದಿಲ್ಲ. 2023ರ ಆಗಸ್ಟಿನಿಂದ ಗೃಹಜ್ಯೋತಿ ಬಂದು ಬಹಳ ಮನೆಗಳ ಬಿಲ್ಲು ಸೊನ್ನೆ ಆಯಿತು. ಒಳ್ಳೆಯದೇ ಆಯಿತು. ಆದರೆ ಬಿಲ್ಲು ಏರಿದಾಗ 'ಏನೋ ಆಗೇತಿ' ಎಂದು ಇಲೆಕ್ಟ್ರಿಷಿಯನ್ನನ್ನು ಕರೆಯುವ ರೂಢಿಯೂ ಹೋಯಿತು. ಅರ್ಧ ಆಂಪಿಯರ್ ಹಗಲೂ ರಾತ್ರಿ ನೆಲಕ್ಕೆ ಸೋರಿದರೆ ತಿಂಗಳಿಗೆ 80 ಯೂನಿಟ್ ಮೇಲೆ. ಮನೆಯ ಎಲ್ಲ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಮೇನು ಮಾತ್ರ ಇಟ್ಟು ಮೀಟರಿನ ಕೆಂಪು ದೀಪ ನೋಡಿರಿ. ಐದು ನಿಮಿಷವಾದರೂ ಮಿಣುಕುತ್ತಲೇ ಇದ್ದರೆ ಕರೆಂಟು ಎಲ್ಲಿಗೋ ಹೋಗುತ್ತಿದೆ.

ವಿದ್ಯಾಗಿರಿಯ ಬಾಡಿಗೆ ಮನೆ ಮಾಲೀಕರಿಗೆ ಕೊನೆಯ ಮಾತು. ಬಿಲ್ಲಿನ ಮೇಲೆ ಮಂಜೂರಾದ ಲೋಡು ಇಷ್ಟು ಕಿಲೋವ್ಯಾಟ್ ಎಂದು ಬರೆದಿರುತ್ತದೆ, ಓದಿರಿ. ಒಂದು ಎಂದಿದ್ದು ಕೋಣೆಯಲ್ಲಿ ಮೂರು ಓಡುತ್ತಿದ್ದರೆ ಮೊದಲು ವೈರು ಬದಲಿಸಿ, ಆಮೇಲೆ ಲೋಡು ಹೆಚ್ಚಿಸಲು ಹೆಸ್ಕಾಂಗೆ ಅರ್ಜಿ ಕೊಡಿರಿ. ಮೀಟರಿನ ಸೀಲನ್ನು ನಿಮ್ಮ ವೈರ್‌ಮನ್ ಮುಟ್ಟುವಂತಿಲ್ಲ. ಅದು ಹೆಸ್ಕಾಂನವರ ಕೆಲಸ, ದೂರಿನ ನಂಬರು 1912.