ಅರ್ಧಕ್ಕೆ ನಿಂತ ಓದು ಸೋಲಲ್ಲ

ಮಗನೋ ಮಗಳೋ ಸೇರಿದ ಕೋರ್ಸನ್ನು ನಡುವೆ ಬಿಡುತ್ತೇನೆಂದರೆ ನಮ್ಮ ಮನೆಗಳಲ್ಲಿ ಆತಂಕ ಕವಿಯುತ್ತದೆ. ವ್ಯಯಿಸಿದ ಹಣ, ಬಂಧುಗಳ ಪ್ರಶ್ನೆ, ಮಗಳಾದರೆ ಮದುವೆಯ ಮಾತು ಎಲ್ಲವೂ ಒಮ್ಮೆಲೇ ಎದುರಾಗುತ್ತವೆ. ಓದು ಬಿಟ್ಟವರೆಲ್ಲ ಸೋತವರೇ? ಅಮೆರಿಕದ ವಿಜ್ಞಾನಿ ಜಾನ್ ಜಂಪರ್ ಅವರ ಬದುಕು ಈ ತೀರ್ಮಾನವನ್ನು ಮರುಪರಿಶೀಲಿಸುವಂತೆ ಮಾಡುತ್ತದೆ.

1985ರಲ್ಲಿ ಜನಿಸಿದ ಜಂಪರ್, ಕೇಂಬ್ರಿಡ್ಜ್‌ನಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಅಧ್ಯಯನವನ್ನು ಪೂರ್ಣಗೊಳಿಸದೆ ಹೊರಬಂದರು. ಬಳಿಕ ನ್ಯೂಯಾರ್ಕ್‌ನ ಡಿ.ಇ. ಶಾ ಸಂಶೋಧನಾ ಸಂಸ್ಥೆಯನ್ನು ಸೇರಿ, ಪ್ರೋಟೀನಿನ ಪರಮಾಣುಗಳ ಚಲನೆಯನ್ನು ಕಂಪ್ಯೂಟರ್‌ನಲ್ಲಿ ಲೆಕ್ಕಹಾಕುವ ಕೆಲಸದಲ್ಲಿ ತೊಡಗಿದರು. ಪ್ರೋಟೀನೆಂದರೆ ಅಮೈನೋ ಆಮ್ಲಗಳ ಸರಪಣಿ. ಅದು ಮಡಚಿಕೊಂಡು ಪಡೆಯುವ ಆಕಾರವೇ ದೇಹದಲ್ಲಿ ಅದರ ಕೆಲಸವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಆ ಆಕಾರವನ್ನು ಪ್ರಯೋಗಾಲಯದಲ್ಲಿ ಕಂಡುಹಿಡಿಯಲು ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ.

ಮುಂದೆ ಸೈದ್ಧಾಂತಿಕ ರಸಾಯನಶಾಸ್ತ್ರದ ಅಧ್ಯಯನಕ್ಕೆಂದು ಅವರು ಷಿಕಾಗೊ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಹಿಂದಿನ ಸಂಸ್ಥೆಯಲ್ಲಿದ್ದಂಥ ಬೃಹತ್ ಕಂಪ್ಯೂಟರ್‌ಗಳಿರಲಿಲ್ಲ. ಕಡಿಮೆ ಗಣನಾಶಕ್ತಿಯಲ್ಲೇ ಉತ್ತರ ಹುಡುಕಬೇಕಾದ ಆ ಕೊರತೆಯೇ ಅವರನ್ನು ಯಂತ್ರಕಲಿಕೆಯತ್ತ ಒಯ್ದಿತು. 2017ರಲ್ಲಿ ಡಾಕ್ಟರೇಟ್ ಪಡೆದು ಡೀಪ್‌ಮೈಂಡ್ ಸೇರಿದ ಅವರು ಆಲ್ಫಾಫೋಲ್ಡ್-2 ತಂಡವನ್ನು ಮುನ್ನಡೆಸಿದರು. 1971ರಿಂದ ಲೋಕದ ವಿಜ್ಞಾನಿಗಳು ಸಾರ್ವಜನಿಕ ಕೋಶವೊಂದಕ್ಕೆ ಸೇರಿಸುತ್ತ ಬಂದ ಪ್ರೋಟೀನ್ ರಚನೆಗಳಿಂದಲೇ ಅದು ಕಲಿಯಿತು. 2020ರ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ಅದರ ಅನೇಕ ಉತ್ತರಗಳು ಪ್ರಯೋಗಾಲಯದ ಫಲಿತಾಂಶಗಳಿಗೆ ಸರಿಸಾಟಿಯಾಗಿದ್ದವು. 2022ರ ವೇಳೆಗೆ 20 ಕೋಟಿಗೂ ಅಧಿಕ ಪ್ರೋಟೀನ್‌ಗಳ ಊಹಿತ ರಚನೆಗಳು ಉಚಿತವಾಗಿ ಎಲ್ಲರಿಗೂ ದೊರೆತವು. 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಡೆಮಿಸ್ ಹಸ್ಸಾಬಿಸ್ ಮತ್ತು ಡೇವಿಡ್ ಬೇಕರ್ ಅವರೊಂದಿಗೆ ಜಂಪರ್ ಹಂಚಿಕೊಂಡರು.

ಅವರು ಬಿಟ್ಟದ್ದು ಒಂದು ಪದವಿಯನ್ನೇ ಹೊರತು ಕಲಿಕೆಯನ್ನಲ್ಲ. ಕಲಿತ ಭೌತಶಾಸ್ತ್ರ ರಸಾಯನಶಾಸ್ತ್ರದಲ್ಲಿಯೂ ಅವರೊಂದಿಗಿತ್ತು. ಹಾಗೆಂದು ಓದು ಬಿಡುವುದೇ ಯಶಸ್ಸಿನ ದಾರಿಯೆಂದು ನಾವು ಹೇಳುತ್ತಿಲ್ಲ. ಅವರಿಗೆ ಕೆಲಸ ಕೊಡುವ ಸಂಸ್ಥೆಯಿತ್ತು, ವರ್ಷಗಳ ನಂತರವೂ ಸೇರಿಸಿಕೊಳ್ಳುವ ವಿಶ್ವವಿದ್ಯಾಲಯವಿತ್ತು. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಆ ಅವಕಾಶವಿದೆ?

ಈ ಪ್ರಶ್ನೆಗೆ ಉತ್ತರಿಸುವ ಹೊಣೆ ನಮ್ಮದೂ ಹೌದು. ಓದು ನಿಲ್ಲಿಸಿದ ಮಕ್ಕಳನ್ನು ಬೈಯುವ ಮುನ್ನ, ಇದುವರೆಗೆ ಏನು ಕಲಿತರು, ಮುಂದೆ ಏನನ್ನು ಕಲಿಯಬಯಸುತ್ತಾರೆ ಎಂದು ಹೆತ್ತವರು ಕೇಳಬೇಕು. ಅದಕ್ಕೆ ಸ್ಪಷ್ಟ ಉತ್ತರವನ್ನು ಮಕ್ಕಳಿಂದ ನಿರೀಕ್ಷಿಸುವುದೂ ತಪ್ಪಲ್ಲ. ವಿದ್ಯಾರ್ಥಿವೇತನ ನೀಡುವ ನಮ್ಮ ಸಂಘಸಂಸ್ಥೆಗಳು, ಎರಡು ಮೂರು ವರ್ಷಗಳ ಬಿಡುವಿನ ಬಳಿಕ ಮತ್ತೆ ಓದಬಯಸುವವರ ಅರ್ಜಿಯನ್ನೂ ಮುಕ್ತಮನಸ್ಸಿನಿಂದ ಪರಿಗಣಿಸಬೇಕು. ಮದುವೆಯ ನಂತರ ಕಾಲೇಜಿಗೆ ಮರಳಬಯಸುವ ಹೆಣ್ಣುಮಕ್ಕಳಿಗಂತೂ ಈ ಬೆಂಬಲ ಇನ್ನಷ್ಟು ಅಗತ್ಯ. ಮರಳಿ ಬರುವ ದಾರಿಯನ್ನು ನಾವೇ ಮುಚ್ಚಿಬಿಟ್ಟರೆ, ಅರ್ಧಕ್ಕೆ ನಿಂತ ಓದು ನಿಜಕ್ಕೂ ಅಲ್ಲಿಯೇ ಕೊನೆಗೊಳ್ಳುತ್ತದೆ.