ಬಾಣಂತಿಯ ಬಟ್ಟಲಿನಿಂದ ಮಜ್ಜಿಗೆಯನ್ನು ಕಸಿದವರಾರು?

ಪುತ್ತೂರಿನಿಂದ ಸುಳ್ಯದತ್ತ ಸಾಗುವ ಹೆದ್ದಾರಿಯಲ್ಲಿ ಬೆಳ್ಳಾರೆಯ ದಾರಿ ಕವಲೊಡೆಯುವ ಊರು ಕುಂಬ್ರ. ಮಳೆಗಾಲಕ್ಕೆ ಮುನ್ನ ಈ ಸೀಮೆಯ ಅಡುಗೆಮನೆಗಳಲ್ಲಿ ನಡೆಯುತ್ತಿದ್ದ ಸಿದ್ಧತೆಯನ್ನು ಹಿರಿಯರು ಮರೆತಿಲ್ಲ. ಕಾಡುಮಾವಿನ ಕಾಯಿ ಉಪ್ಪುನೀರಿನ ಭರಣಿ ಸೇರುತ್ತಿತ್ತು. ಹಲಸಿನ ಸೊಳೆ ಉಪ್ಪಿನಲ್ಲಿ ಮುಳುಗುತ್ತಿತ್ತು. ರಾತ್ರಿ ಉಳಿದ ಕುಚ್ಚಲಕ್ಕಿ ಅನ್ನಕ್ಕೆ ನೀರೆರೆದಿಟ್ಟರೆ ಬೆಳಗ್ಗೆ ಮಜ್ಜಿಗೆ ಬೆರೆಸಿ, ಗಾಂಧಾರಿ ಮೆಣಸು ನುರಿದು ಉಣ್ಣುವ ತಂಗಳನ್ನ ಸಿದ್ಧವಾಗುತ್ತಿತ್ತು. ಇಂದು ಅದೇ ಹುಳಿಯನ್ನು ಪೇಟೆಯ ಅಂಗಡಿಗಳು 'ಕರುಳಿನ ಆರೋಗ್ಯ' ಎಂಬ ಹೆಸರಿನಲ್ಲಿ ಪುಟ್ಟ ಬಾಟಲಿಗಳಲ್ಲಿ ಮಾರುತ್ತಿವೆ. ಮನೆಯಲ್ಲಿದ್ದುದನ್ನು ಕಳೆದುಕೊಂಡು ಪೇಟೆಯಲ್ಲಿ ಕೊಳ್ಳುವ ಈ ಸ್ಥಿತಿ ತಾನಾಗಿ ಬಂದುದಲ್ಲ.

ಹುಳಿಯುವುದು ಕೊಳೆಯುವುದಲ್ಲ. ಹಿಟ್ಟು, ಹಾಲು, ಅನ್ನಗಳಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಸಕ್ಕರೆಯ ಅಂಶವನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಕೊಳೆಸುವ ರೋಗಾಣುಗಳಿಗೆ ಆ ಆಮ್ಲದಲ್ಲಿ ಬೆಳೆಯುವುದು ಕಷ್ಟ. ಧಾನ್ಯ ಮತ್ತು ಬೇಳೆಗಳಲ್ಲಿರುವ ಫೈಟೇಟ್ ಎಂಬ ವಸ್ತು ಕಬ್ಬಿಣ ಮತ್ತು ಸತುವನ್ನು ಕಟ್ಟಿಹಾಕುತ್ತದೆ. ಹುದುಗು ಬಂದಾಗ ಈ ಕಟ್ಟು ಸಡಿಲಗೊಂಡು, ಅವು ದೇಹಕ್ಕೆ ಹೆಚ್ಚು ದಕ್ಕುತ್ತವೆ. ಇಡ್ಲಿ, ದೋಸೆಗಳನ್ನು ಬೇಯಿಸುವಾಗ ಜೀವಾಣುಗಳು ಸಾಯುತ್ತವೆಯಾದರೂ ಹಿಟ್ಟಿನಲ್ಲಾದ ಈ ಬದಲಾವಣೆ ಉಳಿಯುತ್ತದೆ. ಮಜ್ಜಿಗೆ ಮತ್ತು ತಂಗಳನ್ನಗಳಲ್ಲಾದರೋ ಅವು ಜೀವಂತವಾಗಿಯೇ ಹೊಟ್ಟೆ ಸೇರುತ್ತವೆ.

ಈ ಆಹಾರದ ಅಗತ್ಯ ಗರ್ಭಿಣಿಗೂ ಬಾಣಂತಿಗೂ ಎಲ್ಲರಿಗಿಂತ ಹೆಚ್ಚು. ಮಲಬದ್ಧತೆ ಆ ದಿನಗಳ ಸಾಮಾನ್ಯ ಬಾಧೆ. ಕಬ್ಬಿಣದ ಮಾತ್ರೆ ಅದನ್ನು ಹಲವರಲ್ಲಿ ಹೆಚ್ಚಿಸುತ್ತದೆ. ಹಾಗೆಂದು ಮಾತ್ರೆಯನ್ನು ಬಿಡುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಮಜ್ಜಿಗೆ ಮಾತ್ರೆಯ ಬದಲಿಯಲ್ಲ. ಮಾತ್ರೆ ನುಂಗುವ ದೇಹಕ್ಕೆ ಅದು ಆಸರೆ. ಆದರೆ ಆ ಆಸರೆಯನ್ನೇ ಕಸಿದುಕೊಳ್ಳಲಾಗಿದೆ.

ಕಸಿದವರಲ್ಲಿ ಮೊದಲನೆಯದು ಮನೆಯೇ. 'ಶೀತ' ಎಂಬ ಒಂದು ಮಾತಿನಿಂದ ಬಾಣಂತಿಗೆ ಮೊಸರು, ಮಜ್ಜಿಗೆ, ಸೊಪ್ಪು, ಕೆಲವೆಡೆ ಸಾಕಷ್ಟು ನೀರನ್ನೂ ನಿರಾಕರಿಸುವ ಪದ್ಧತಿ ಇನ್ನೂ ಅಳಿದಿಲ್ಲ. ತಂಗಳನ್ನವಾದರೋ ಬಿಸಿಯೂಟ ಇತರರಿಗೆ ಸಂದ ಬಳಿಕ ಸೊಸೆಗೂ ಕೂಲಿಯಾಳಿಗೂ ಉಳಿಯುತ್ತಿದ್ದ ಪಾಲು. ಒಳ್ಳೆಯ ಆಹಾರವೊಂದು ಅವಮಾನದ ಆಹಾರವಾದುದು ಹೀಗೆ. ಪರಂಪರೆಯನ್ನು ಕೊಂಡಾಡುವವರು ಈ ಅನ್ಯಾಯಕ್ಕೂ ಉತ್ತರ ಕೊಡಬೇಕು.

ಎರಡನೆಯದು ಮಾರುಕಟ್ಟೆ. ಅದು ಮೊದಲು ತಂಗಳನ್ನವನ್ನು ಬಡತನದ ಗುರುತೆಂದು ಹೀಗಳೆದು ಬಿಸ್ಕತ್ತನ್ನು ತಂದಿತು; ಈಗ ಸಕ್ಕರೆ ಬೆರೆಸಿದ ಹುಳಿಹಾಲನ್ನು ಔಷಧಿಯ ಗತ್ತಿನಲ್ಲಿ ತರುತ್ತಿದೆ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಗುಡ್ಡದ ನಾಶ. ಭರಣಿಗೆ ಕಾಡುಮಾವು ಬೇಕು, ಸೊಳೆಗೆ ಹಲಸು ಬೇಕು, ಗಂಜಿಗೆ ಗದ್ದೆ ಬೇಕು, ತಂಬುಳಿಗೆ ಒಂದೆಲಗವೂ ಕುಂಟಾಲದ ಕುಡಿಯೂ ಬೇಕು. ಗದ್ದೆಗಳು ಅಡಿಕೆ ತೋಟಗಳಾದವು. ಗುಡ್ಡಗಳು ರಬ್ಬರಿನ ಸಾಲುಗಳಾದವು. ಉಳಿದ ತೇವದ ಅಂಚುಗಳಿಗೆ ಕಳೆನಾಶಕ ಬೀಳುತ್ತಿದೆ. ಅದಕ್ಕೆ ಕಳೆಯೂ ಒಂದೆಲಗವೂ ಒಂದೇ. ಗುಡ್ಡಕ್ಕೆ ಸುರಿದ ವಿಷ ಎಲ್ಲಿಗೆ ತಲುಪುತ್ತದೆಂಬ ಪಾಠ ಈ ಜಿಲ್ಲೆಗೆ ಹೊಸತಲ್ಲ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಸುಪ್ರೀಂ ಕೋರ್ಟ್ ಅದನ್ನು ದೇಶಾದ್ಯಂತ ತಡೆದದ್ದು 2011ರ ಮೇ 13ರಂದು. ಅಷ್ಟರೊಳಗೆ ಈ ನೆಲದ ತಾಯಂದಿರು ತೆತ್ತ ಬೆಲೆಯನ್ನು ಯಾವ ಪರಿಹಾರವೂ ತುಂಬಲಾರದು.

ಅಡಿಕೆಯ ಹಣವಿದ್ದರೆ ಎಲ್ಲವನ್ನೂ ಕೊಳ್ಳಬಹುದೆಂಬುದು ಇದಕ್ಕೆ ಸಿಗುವ ಸಿದ್ಧ ಉತ್ತರ. ತೋಟದ ಹಣ ಸೇರುವುದು ಯಜಮಾನನ ಕೈಯನ್ನು. ಗುಡ್ಡದ ಕುಡಿಯಾದರೋ ಯಾರ ಅಪ್ಪಣೆಯನ್ನೂ ಕೇಳದೆ ಹೆಂಗಸಿನ ಮಡಿಲು ಸೇರುತ್ತಿತ್ತು. ತೋಟವೇ ಇಲ್ಲದ ಕೂಲಿಕಾರಳಿಗೆ ಆ ಗುಡ್ಡವೊಂದೇ ತೋಟವಾಗಿತ್ತು. ಈ ಲೆಕ್ಕವನ್ನು ಯಾವ ಕೃಷಿ ಆದಾಯದ ಪಟ್ಟಿಯೂ ತೋರಿಸುವುದಿಲ್ಲ.

ಆದುದರಿಂದ ಬೇಡಿಕೆಗಳು ಸ್ಪಷ್ಟವಾಗಿರಬೇಕು. ರಸ್ತೆಬದಿಯ ಮತ್ತು ಸರಕಾರಿ ಜಾಗದ ಕಾಡುಮಾವು, ಹಲಸಿನ ಮರಗಳನ್ನು ಪಂಚಾಯತುಗಳು ದಾಖಲಿಸಿ ಕಾಯಬೇಕು. ತೋಡು, ಕೆರೆಗಳ ಅಂಚಿನಲ್ಲಿ ಕಳೆನಾಶಕ ನಿಲ್ಲಬೇಕು. 2017ರ ಅಕ್ಟೋಬರ್ 2ರಂದು ಆರಂಭಗೊಂಡ ಮಾತೃಪೂರ್ಣ ಯೋಜನೆ ಗರ್ಭಿಣಿ, ಬಾಣಂತಿಯರ ಊಟವನ್ನು ಸರಕಾರದ ಹೊಣೆಯೆಂದು ಒಪ್ಪಿಕೊಂಡಿತು. ಆ ಹೊಣೆಯಲ್ಲಿ ಊರಿನ ಮಜ್ಜಿಗೆಗೂ ತಂಬುಳಿಗೂ ಸ್ಥಾನವಿರಬೇಕು. ವಿದ್ಯಾರ್ಥಿಗಳು ಅಜ್ಜಿಯಂದಿರ ಬಳಿ ಕುಳಿತು ಯಾವ ಮರದ ಕಾಯಿ ಯಾವ ಭರಣಿಗೆ ಒಗ್ಗುತ್ತದೆಂಬುದನ್ನು ಬರೆದಿಡಬೇಕು.

ಇದರಲ್ಲಿ ಕುರುಡು ಭಕ್ತಿ ಸಲ್ಲದು. ಕಾಯಿಸಿದ ಹಾಲಿಗೇ ಹೆಪ್ಪು ಹಾಕಬೇಕು. ಅನ್ನ ನೆನೆಸಲು ಕುದಿಸಿ ಆರಿಸಿದ ನೀರು ಬೇಕು. ಬೂಸಲು ಬಂದುದನ್ನು ಚೆಲ್ಲಬೇಕು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ರಕ್ತದ ಒತ್ತಡವಿರುವ ಗರ್ಭಿಣಿಗೆ ಉಪ್ಪಿನಕಾಯಿಗಿಂತ ಉಪ್ಪಿಲ್ಲದ ಮಜ್ಜಿಗೆಯೇ ಲೇಸು.

ಮಕ್ಕಳನ್ನು ಹೆತ್ತವಳಿಗೆ ಉಳಿದುದನ್ನಲ್ಲ, ಮೊದಲ ಪಾಲನ್ನು ಬಡಿಸುವ ಮನೆ ಬೇಕು. ಆ ಪಾಲನ್ನು ಬೆಳೆಯುವ ಗುಡ್ಡವೂ ಉಳಿಯಬೇಕು. ಇವೆರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಉಳಿಸಿಕೊಳ್ಳುವ ದಾರಿಯಿಲ್ಲ.